ನಾಲ್ಕನೇ ತುಂಡು

ಜನವರಿ ೯

ತಂಗಿಗೆ,

ಎಂಟು ತಿಂಗಳಾದ ಮೇಲೆ ಇವನಿಗೆ ಕಾಗದ ಬರೆಯುವ ಬುದ್ಧಿ ಎಲ್ಲಿಂದ ಬಂತು ಎಂದು ನೀನು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿರಬೇಕು. ಬುದ್ಧಿ ಬಂದು ಬರೆದದ್ದಲ್ಲ, ಗತಿಯಿಲ್ಲದೆ ಬರೆದದ್ದು. ಸುತ್ತಿಬಳಸಿ ಮಾತಾಡುತ್ತೇನೆ ಎಂದು ನೀನೇ ಆಡಿಕೊಳ್ಳುತ್ತಿದ್ದೆ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಈ ಕಾಗದಕ್ಕೆ ಹನ್ನೆರಡು ಬಟ್ಟೆ ತುಂಡು ಗುಂಡುಸೂಜಿಯಲ್ಲಿ ಚುಚ್ಚಿದ್ದೇನೆ. ಒಂದೊಂದಕ್ಕೂ ನಂಬರಿದೆ. ಯಾವುದು ಯಾವ ಬಣ್ಣ ಎಂದು ಬರೆದು ಕಳಿಸು.

ಅಂಗಡಿ ಬಿಟ್ಟು ಹೋಗುವಾಗ ನೀನು ಬೀರುವಿನ ಒಂದೊಂದು ಬಟ್ಟೆ ಥಾನಿನ ಮೇಲೂ ಬಣ್ಣದ ಹೆಸರು ಬರೆದು ಚೀಟಿ ಅಂಟಿಸಿ ಹೋಗಿದ್ದೆ. ಅದು ನಿನ್ನ ದೊಡ್ಡ ಗುಣ, ಇಲ್ಲ ಎನ್ನುವುದಿಲ್ಲ. ಆ ಥಾನುಗಳು ಮುಗಿದವು, ಹೊಸ ಮಾಲು ಬಂತು. ಹೊಸದಕ್ಕೆ ಚೀಟಿ ಅಂಟಿಸುವವರು ಯಾರು? ನೀಲಿ ತಿಳಿಯುತ್ತದೆ, ಹಳದಿ ತಿಳಿಯುತ್ತದೆ, ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು. ಕೆಂಪು, ಹಸಿರು, ಕಂದು, ಗುಲಾಬಿ, ಬೂದಿ ಇವೆಲ್ಲ ನನ್ನ ಕಣ್ಣಿಗೆ ಒಂದೇ ಕೊಳದ ನೀರು ಎಂದು ಈ ಪ್ರಪಂಚದಲ್ಲಿ ಗೊತ್ತಿರುವುದು ನಿನಗೊಬ್ಬಳಿಗೆ. ಬೇರೆ ಯಾರನ್ನಾದರೂ ಕೇಳಿದರೆ ಅವತ್ತೇ ಅಂಗಡಿಗೆ ಬೀಗ ಹಾಕಬೇಕು.

ಹೋದ ವಾರ ವಕೀಲರ ಕಂದು ಕೋಟಿಗೆ ಹಸಿರು ದಾರದಲ್ಲಿ ಕಾಜ ಹೊಲಿದುಬಿಟ್ಟೆ. "ಇದೇನು ಮಾಸ್ಟ್ರೇ, ಗುಂಡಿ ಸುತ್ತ ಹುಲ್ಲು ಬೆಳೆದಿದೆಯಲ್ಲ?" ಎಂದರು. "ಈಗ ಹೀಗೇ ನಡೀತಿರೋದು ಸಾರ್, ಸ್ವಲ್ಪ ಎದ್ದು ಕಾಣ್ಬೇಕು" ಎಂದೆ. ನಂಬಿ ಹಾಕಿಕೊಂಡು ಹೋದರು.

ಯಾಕೆ ಹೋದೆ ಎಂದು ಕೇಳುವುದಿಲ್ಲ. ಯಾವುದೋ ಮಾತಿಗೆ ಸಿಟ್ಟಾದೆ. ನಿನ್ನ ಅತ್ತಿಗೆ ಬದುಕಿದ್ದಿದ್ದರೆ ಇಬ್ಬರ ಕಿವಿಯನ್ನೂ ಹಿಂಡಿ ಒಂದೇ ಮಣೆಯ ಮೇಲೆ ಕೂರಿಸುತ್ತಿದ್ದಳು. ಅವಳೂ ಇಲ್ಲ, ನೀನೂ ಇಲ್ಲ. ಎರಡನೇ ತುಂಡನ್ನು ಬೇಗ ಹೇಳು, ಪಶುವೈದ್ಯರ ಹೆಂಡತಿ ಅವಸರ ಮಾಡುತ್ತಿದ್ದಾರೆ.

ನಿನ್ನ ಅಣ್ಣ


ಜನವರಿ ೨೧

ಅಣ್ಣನಿಗೆ,

ಒಂದು, ಇಟ್ಟಿಗೆ ಕೆಂಪು. ಎರಡು, ಪಾಚಿ ಹಸಿರು. ಪಶುವೈದ್ಯರ ಹೆಂಡತಿಗೆ ಅದು ಬೇಡ, ವಾರದಿಂದ ಜ್ವರ ಬಂದವರ ಹಾಗೆ ಕಾಣುತ್ತಾರೆ. ಏಳನೆಯದು ಕೊಡು, ಚೆನ್ನಾಗಿ ಹಣ್ಣಾದ ನೇರಳೆಯ ಬಣ್ಣ. ಅದನ್ನು ಹಾಕಿಕೊಂಡರೆ ಅವರ ಗಂಡ ಒಂದು ದಿನವಾದರೂ ಹಸುಗಳನ್ನು ಬಿಟ್ಟು ಅವರ ಕಡೆ ನೋಡಬಹುದು. ಮಿಕ್ಕದ್ದನ್ನು ತುಂಡುಗಳ ಹಿಂದೆಯೇ ಬರೆದು ವಾಪಸು ಚುಚ್ಚಿದ್ದೇನೆ.

ಯಾವುದೋ ಮಾತು ಎಂದು ಬರೆದಿದ್ದೀಯ. ನಿನಗೆ ಮರೆತಿದ್ದರೆ ನಾನು ಹೇಳುತ್ತೇನೆ. ಪತ್ರಿಕೆಯವರು ಅಂಗಡಿಯ ಫೋಟೊ ತೆಗೆಯಲು ಬಂದಿದ್ದರು. ನಾನು ನನ್ನ ಸ್ಟೂಲಿನ ಮೇಲೆ ಕೂತಿದ್ದೆ. "ಇವರು ಯಾರು?" ಎಂದು ಕೇಳಿದರು. ನೀನು, "ಅವಳಾ? ಗುಂಡಿ ಹೊಲಿಯೋಳು. ಪಕ್ಕಕ್ಕೆ ಸರೀತಾಳೆ ಬಿಡಿ" ಎಂದೆ. ನಾನು ಸರಿದೆ. ಸರಿಯುತ್ತ ಸರಿಯುತ್ತ ಈ ಊರಿಗೆ ಬಂದೆ.

ಆ ಅಂಗಡಿಯಲ್ಲಿ ಮೂವತ್ತೊಂದು ವರ್ಷ, ಅಣ್ಣ. ಗಿರಾಕಿಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಬಟ್ಟೆಯನ್ನು ಅವರ ಗಲ್ಲಕ್ಕೆ ಹಿಡಿದು ನೀನು ಕಣ್ಣು ಮುಚ್ಚುತ್ತಿದ್ದೆ. ಬಣ್ಣ ಒಪ್ಪದಿದ್ದರೆ ಹಿಂದಿನಿಂದ ನಾನು ಕತ್ತರಿಯನ್ನು ಮೇಜಿನ ಮೇಲೆ ಇಡುತ್ತಿದ್ದೆ. ಒಪ್ಪಿದರೆ ಸದ್ದಿಲ್ಲ. ಕಣ್ಣು ಮುಚ್ಚಿ ಬಣ್ಣ ಹೇಳುವ ಮಾಸ್ಟರು ಎಂದು ಊರೆಲ್ಲ ಹೊಗಳಿತು. ಕತ್ತರಿಯ ಸದ್ದಿಗೆ ನೀನು ಕಿವಿ ಕೊಡುತ್ತಿದ್ದೆ ಎಂದು ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಚಿಕ್ಕಂದಿನಲ್ಲಿ ನೀನು ಕೆಂಪು ದಾರದ ಬದಲು ಹಸಿರು ತಂದಾಗಲೆಲ್ಲ ಅಪ್ಪ ಗಜಕಡ್ಡಿಯಲ್ಲಿ ಹೊಡೆಯುತ್ತಿದ್ದರು. ನೋಡಲಾರದೆ ಆರು ವರ್ಷದವಳು ಶುರು ಮಾಡಿದ ಕೆಲಸ ಅದು. ಆಗ ಅದು ಪ್ರೀತಿಯಾಗಿತ್ತು.

ಇಲ್ಲಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಕಡು ನೀಲಿ ಲಂಗ, ಬಿಳಿ ಅಂಗಿ. ನಾಳೆಯೂ ಅದೇ, ಮುಂದಿನ ವರ್ಷವೂ ಅದೇ. ಇದಕ್ಕೆ ಕಣ್ಣೇ ಬೇಕಿಲ್ಲ, ನಿನ್ನಂಥವನೂ ಸಾಕು. ನಿನ್ನ ಹನ್ನೆರಡು ತುಂಡುಗಳನ್ನು ಕಿಟಕಿಯ ಹತ್ತಿರ ಹರಡಿಕೊಂಡು ಒಂದು ಭಾನುವಾರ ಪೂರ್ತಿ ಕೂತಿದ್ದೆ. ಅದಕ್ಕೇ ಉತ್ತರ ಬರೆದದ್ದು. ನಿನ್ನ ಮೇಲಿನ ಕನಿಕರಕ್ಕೆ ಎಂದು ತಿಳಿಯಬೇಡ.

ತಂಗಿ


ಮಾರ್ಚ್ ೩೦

ತಂಗಿಗೆ,

ಪಶುವೈದ್ಯರ ಹೆಂಡತಿ ಆ ಅಂಗಿ ಹಾಕಿಕೊಂಡು ಬಂದು ಅಂಗಡಿಯಲ್ಲಿ ಒಂದು ಸುತ್ತು ತಿರುಗಿ ತೋರಿಸಿ ಹೋದರು. "ನನ್ನ ಮುಖ ಇಷ್ಟು ದಿನ ಎಲ್ಲಿಟ್ಟಿದ್ರಿ ಮಾಸ್ಟ್ರೇ?" ಎಂದರು. ಕಳೆದ ಎರಡು ಸಲ ನೀನು ಕಳಿಸಿದ ಪಟ್ಟಿಗಳೂ ಹಾಗೇ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಈ ಸಲ ಒಂಬತ್ತು ತುಂಡು ಇವೆ.

ಫೋಟೊದ ಮಾತು ಎತ್ತಿದ್ದೆ. ಅವತ್ತು ಗಡಿಬಿಡಿಯಲ್ಲಿ ಏನು ಹೇಳಿದೆನೋ. ಮೂವತ್ತು ವರ್ಷದ ಅನ್ನ ನೆನಪಿಗೆ ಬಾರದೆ ಒಂದು ಮಾತು ಮಾತ್ರ ನೆನಪಿರುತ್ತದಲ್ಲ, ಅದಕ್ಕೇನು ಹೇಳಲಿ.

ಈಗ ಸಂತೋಷದ ಸುದ್ದಿ. ದರ್ಜಿಗಳ ಸಂಘದವರು ಜೂನ್ ಒಂದಕ್ಕೆ ನನಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಪುರಭವನದಲ್ಲಿ. ನಾನು ಅರ್ಧ ಗಂಟೆ ಭಾಷಣ ಮಾಡಬೇಕಂತೆ. ವಿಷಯವನ್ನೂ ಅವರೇ ಕೊಟ್ಟಿದ್ದಾರೆ: ಮನುಷ್ಯ ಮತ್ತು ಅವನ ಬಣ್ಣ. ನಗಬೇಡ. ಅಳತೆಯ ಬಗ್ಗೆ ಕೇಳಿದ್ದರೆ, ಹೆಗಲಿನ ಇಳಿಜಾರಿನ ಬಗ್ಗೆ ಕೇಳಿದ್ದರೆ ಮೂರು ಗಂಟೆ ಮಾತಾಡುತ್ತಿದ್ದೆ. ಬಣ್ಣದ ಬಗ್ಗೆ ಏನು ಹೇಳಲಿ? ನಾಲ್ಕು ಪುಟ ಬರೆದು ಕಳಿಸುತ್ತೀಯಾ? ನಿನ್ನ ಅಕ್ಷರ ಗುಂಡಗಿದೆ, ಓದಲೂ ಸುಲಭ.

ನಿನ್ನ ಅಣ್ಣ


ಏಪ್ರಿಲ್ ೧೪

ಅಣ್ಣನಿಗೆ,

ಒಂಬತ್ತು ತುಂಡುಗಳ ಪಟ್ಟಿ ಹಿಂದಿನ ಪುಟದಲ್ಲಿದೆ. ಭಾಷಣ ಇದು. ಒಂದೇ ಉಸಿರಿಗೆ ಓದಬೇಡ, ಗೆರೆ ಎಳೆದ ಕಡೆ ನಿಲ್ಲಿಸು.

ಬಟ್ಟೆ ಕೊಳ್ಳಲು ಬಂದವರು ಮೊದಲು ಒಂದು ಥಾನನ್ನು ಮುಟ್ಟುತ್ತಾರೆ, ಕೊನೆಗೆ ಇನ್ನೊಂದನ್ನು ಕೊಳ್ಳುತ್ತಾರೆ. ಮೊದಲು ಮುಟ್ಟಿದ್ದು ಅವರ ಬಣ್ಣ, ಕೊಂಡದ್ದು ಅವರ ಮನೆಯವರ ಬಣ್ಣ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಇಪ್ಪತ್ತು ವರ್ಷ ಕಂದು ಬಟ್ಟೆಯನ್ನೇ ಹೊಲಿಸಿದರು. ಪ್ರತಿ ಸಲವೂ ಕಡುಕೆಂಪು ಥಾನಿನ ಮೇಲೆ ಕೈಯಿಟ್ಟು, "ಇದು ನಮಗ್ಯಾಕೆ ಬಿಡಿ" ಎಂದು ಕೈ ತೆಗೆಯುತ್ತಿದ್ದರು. ನಿವೃತ್ತರಾದ ಮರುದಿನ ಬಂದು ಆ ಕೆಂಪನ್ನು ಕೇಳಿದರು. ಹೊಲಿದು ಹಾಕಿ ನೋಡಿದರೆ ಅಷ್ಟು ಹೊತ್ತಿಗೆ ಮುಖವೇ ಕಂದಾಗಿತ್ತು, ಕೆಂಪು ಅವರಿಗೆ ಅಂಟಲಿಲ್ಲ. ಒಬ್ಬ ತಾಯಿ ಮಗಳನ್ನು ಕರೆತಂದು, "ಇವಳು ಕಪ್ಪು, ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ ಏನಾದ್ರೂ ಕೊಡಿ" ಎಂದರು. ಆ ಹುಡುಗಿ ನೆಲ ನೋಡುತ್ತಿದ್ದಳು. ಅವಳಿಗೆ ಕಿತ್ತಳೆ ಬಣ್ಣ ಹಿಡಿದಾಗ ಕನ್ನಡಿಯಲ್ಲಿ ಅವಳು ತಲೆ ಎತ್ತಿದ್ದನ್ನು ಮರೆಯಲಾಗುವುದಿಲ್ಲ. ತಾಯಿ ಬೂದಿ ಬಣ್ಣದ್ದೇ ಕೊಡಿಸಿದರು.

ಬಣ್ಣವನ್ನು ಹೊರಗೆ ಹಾಕಲು ಧೈರ್ಯವಿಲ್ಲದವರು ಲೈನಿಂಗಿಗೆ ಹಾಕಿಸುತ್ತಾರೆ. ಅಂಚೆ ಕಚೇರಿಯ ಒಬ್ಬರು ಕಪ್ಪು ಕೋಟಿನ ಒಳಗೆ ಚೆಂಡುಹೂವಿನ ಬಣ್ಣದ ರೇಷ್ಮೆ ಹಾಕಿಸಿದರು. "ಯಾರಿಗೆ ಕಾಣುತ್ತೆ ಮೇಡಂ?" ಎಂದರೆ, "ನನಗೆ ಗೊತ್ತಿರುತ್ತಲ್ಲ" ಎಂದರು. ನಮ್ಮಲ್ಲಿ ಅರ್ಧ ಜನ ಲೈನಿಂಗಿನಲ್ಲೇ ಬದುಕು ಮುಗಿಸುತ್ತಾರೆ. ಒಂದು ದಿನವಾದರೂ ಕೋಟನ್ನು ಮಗುಚಿ ಹಾಕಿಕೊಂಡು ಬೀದಿಗೆ ಬನ್ನಿ. ನಗುವವರು ನಗಲಿ.

ಇಷ್ಟು ಭಾಷಣ. ಈಗ ನನ್ನ ಮಾತು. ಗಿರಾಕಿಗಳ ಕಣ್ಣು ಬೀಳಬಾರದು, ಮಂಕಾದದ್ದು ಹಾಕಿಕೋ ಎಂದು ನೀನು ಹೇಳಿದ್ದಕ್ಕೆ ಮೂವತ್ತೊಂದು ವರ್ಷ ಮಣ್ಣಿನ ಬಣ್ಣದಲ್ಲಿ ಕೂತಿದ್ದವಳು ನಾನು. ಈಗ ಕಾರ್ಖಾನೆಗೆ ಕೆಂಪು ಅಂಗಿ ಹಾಕಿಕೊಂಡು ಹೋಗುತ್ತೇನೆ. ಅಷ್ಟು ನೀಲಿಯ ಮಧ್ಯೆ ನನ್ನನ್ನು ಮೆಣಸಿನಕಾಯಿ ಎಂದು ಕರೆಯುತ್ತಾರೆ. ಕರೆಯಲಿ.

ನಿನ್ನನ್ನು ಒಂದೇ ಒಂದು ಕೇಳುತ್ತೇನೆ. ಭಾಷಣದ ಕೊನೆಗೆ ಒಂದು ವಾಕ್ಯ ಸೇರಿಸು: "ನನ್ನ ಅಂಗಡಿಯ ಬಣ್ಣಗಳನ್ನು ಆರಿಸಿದವಳು ನನ್ನ ತಂಗಿ." ನಿನ್ನ ಕಣ್ಣಿನ ವಿಷಯ ಹೇಳಬೇಡ, ಅದು ನನ್ನ ಜೊತೆಯೇ ಮಣ್ಣಾಗಲಿ. ಇಷ್ಟು ಹೇಳಿದರೆ ಸಾಕು. ನಾನು ಕೊನೆಯ ಸಾಲಿನಲ್ಲಿ ಕೂತು ಕೇಳಿಸಿಕೊಂಡು ಬಸ್ಸು ಹತ್ತುತ್ತೇನೆ.

ತಂಗಿ


ಮೇ ೩

ತಂಗಿಗೆ,

ಭಾಷಣ ಓದಿದೆ. ನೀನು ಗಂಡಸಾಗಿ ಹುಟ್ಟಿದ್ದರೆ ದೊಡ್ಡ ಮನುಷ್ಯನಾಗುತ್ತಿದ್ದೆ.

ಆ ವಾಕ್ಯದ ವಿಷಯ. ಹಗಲೂ ಇರುಳೂ ಯೋಚಿಸಿದೆ. ಆಗುವುದಿಲ್ಲ. ಆಹ್ವಾನ ಪತ್ರಿಕೆ ಅಚ್ಚಾಗಿ ಹಂಚಿಯೂ ಆಗಿದೆ, ಅದರಲ್ಲಿ ನನ್ನನ್ನು ಬಣ್ಣದ ಮಾಸ್ಟರು ಎಂದೇ ಹಾಕಿದ್ದಾರೆ. ಬಣ್ಣ ಆರಿಸಿದ್ದು ತಂಗಿ ಎಂದು ಅದೇ ವೇದಿಕೆಯಲ್ಲಿ ನಿಂತು ಹೇಳಿದರೆ, ಹಾಗಾದರೆ ನೀನು ಯಾತಕ್ಕೆ ಕಣ್ಣು ಮುಚ್ಚುತ್ತಿದ್ದೆ ಎಂದು ಕೇಳುತ್ತಾರೆ. ಒಂದು ದಾರ ಎಳೆದರೆ ಇಡೀ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ನಿನಗೆ ನಾನು ಹೇಳಿಕೊಡಬೇಕೇ? ಮೂವತ್ತೊಂದು ವರ್ಷದ ಹೆಸರು. ನಮ್ಮ ಅಪ್ಪನ ಅಂಗಡಿ. ನಿನ್ನ ಹಕ್ಕನ್ನು ನಾನು ಮನಸ್ಸಿನಲ್ಲಿ ಒಪ್ಪಿಕೊಂಡಿದ್ದೇನೆ. ಹೊರಗಿನವರು ಒಪ್ಪಿದರೆಷ್ಟು, ಬಿಟ್ಟರೆಷ್ಟು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡ. ನೀನು ಸಮಾರಂಭಕ್ಕೆ ಬರುವುದು ಬೇಡ. ಯಾಕೆ ಹೋದಿರಿ, ಈಗೆಲ್ಲಿದ್ದೀರಿ ಎಂದು ಜನ ನೂರೆಂಟು ಕೇಳುತ್ತಾರೆ. ನೀನೂ ಮಾತಿನಲ್ಲಿ ಖಾರ. ಮುಗಿದ ಮೇಲೆ ಫೋಟೊ ಕಳಿಸುತ್ತೇನೆ.

ಸನ್ಮಾನಕ್ಕೆ ನನಗೆ ಒಂದು ಹೊಸ ಕೋಟು ಹೊಲಿದುಕೊಳ್ಳಬೇಕೆಂದಿದ್ದೇನೆ. ಇಷ್ಟು ವರ್ಷ ಎಡವಟ್ಟು ಬೇಡವೆಂದು ಬರೀ ಬಿಳಿ ಹಾಕಿದೆ, ಅದನ್ನೂ ಜನ ಸರಳತೆ ಎಂದರು. ಬಟ್ಟೆ ಅಂಗಡಿಯಿಂದ ಆರು ತುಂಡು ತಂದು ಇದಕ್ಕೆ ಚುಚ್ಚಿದ್ದೇನೆ. ಗಂಭೀರವಾದ ಗಾಢ ಬೂದಿ ಯಾವುದು ಹೇಳು. ಅಂಚೆ ಬರುವುದನ್ನೇ ಕಾಯುತ್ತಿರುತ್ತೇನೆ.

ನಿನ್ನ ಅಣ್ಣ


ಮೇ ೧೧

ಅಣ್ಣನಿಗೆ,

ನಾಲ್ಕನೆಯದು. ಗಾಢ ಬೂದಿ. ನಿನಗೆ ಒಪ್ಪುತ್ತದೆ.

ತಂಗಿ


ಮೇ ೨೦

ತಂಗಿಗೆ,

ಬಟ್ಟೆ ತಂದೆ. ಅಂಗಡಿಯವನು ಥಾನು ಬಿಚ್ಚಿ, "ನಿಮಗೇನಾ ಮಾಸ್ಟ್ರೇ?" ಎಂದ. "ನನಗೇ" ಎಂದೆ. ಥಾನನ್ನು ಇನ್ನೊಂದು ಸಲ ಬೆಳಕಿಗೆ ಹಿಡಿದು ನೋಡಿದ. ಆಮೇಲೆ, "ನೀವು ಆರಿಸಿದ ಮೇಲೆ ನಾವೇನು ಹೇಳೋದು" ಎಂದು ಕತ್ತರಿಸಿದ. ದಾರ, ಲೈನಿಂಗು ಅವನೇ ಹೊಂದಿಸಿ ಕೊಟ್ಟ. ದೊಡ್ಡವರ ಮುಂದೆ ಹಾಕುವ ಕೋಟು, ಅದಕ್ಕೇ ಅಂಗಡಿಯಲ್ಲಿ ಹೊಲಿಯದೆ ಮನೆಯಲ್ಲೇ ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದೇನೆ. ಕಾಲರು ಚೆನ್ನಾಗಿ ಕೂತಿದೆ. ಆಗುವುದಿಲ್ಲ ಎಂದು ನಾನು ಬರೆದ ಕಾಗದಕ್ಕೂ ನೀನು ಉತ್ತರ ಬರೆದೆ, ನನ್ನ ಮನಸ್ಸು ಹಗುರಾಯಿತು. ರಕ್ತ ರಕ್ತವೇ.

ನಿನ್ನ ಅಣ್ಣ


ಜೂನ್ ೬

ತಂಗಿಗೆ,

ನಾನು ವೇದಿಕೆ ಹತ್ತಿದಾಗ ಪುರಭವನದಲ್ಲಿ ಮುನ್ನೂರು ಜನ ಇದ್ದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಂಘದ ಅಧ್ಯಕ್ಷರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ವಯಸ್ಸಾದವನು ಮೆಟ್ಟಿಲು ಹತ್ತಿದ ರೀತಿಗೆ ನಕ್ಕರೇನೋ ಎಂದುಕೊಂಡು ನಾನು ನಿನ್ನ ಹಾಳೆ ತೆಗೆದು ಓದಲು ಶುರು ಮಾಡಿದೆ. ಬ್ಯಾಂಕಿನವರ ಕಥೆಗೆ ನಗು ನಿಂತಿತು. ಕಿತ್ತಳೆ ಬಣ್ಣದ ಹುಡುಗಿಯ ಕಥೆಗೆ ಹೆಂಗಸರು ಮೂಗು ಸೀಟಿದರು. ಕೋಟನ್ನು ಮಗುಚಿ ಹಾಕಿಕೊಂಡು ಬೀದಿಗೆ ಬನ್ನಿ, ನಗುವವರು ನಗಲಿ ಎಂದು ನಾನು ಓದಿದಾಗ ಒಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಎದ್ದರು. ಯಾಕೆ ಎಂದು ನನಗೆ ತಿಳಿಯಲಿಲ್ಲ.

ಕೆಳಗಿಳಿದ ಮೇಲೆ ವಕೀಲರು ಕೈ ಹಿಡಿದು, "ಈ ವಯಸ್ಸಲ್ಲಿ ಇಂಥಾ ಗುಲಾಬಿ ಹಾಕೋಕೆ ಎದೆಗಾರಿಕೆ ಬೇಕು ಮಾಸ್ಟ್ರೇ. ಬರೀ ಹೇಳಲಿಲ್ಲ, ಮಾಡಿ ತೋರಿಸಿದ್ರಿ" ಎಂದರು.

ನಾನು, "ಹೌದು ಸಾರ್, ಬೇಕು" ಎಂದೆ. ಹಾಗೆಂದವನು ನೇರವಾಗಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತೆ. ಕನ್ನಡಿ ಇತ್ತು. ಎಷ್ಟು ನೋಡಿದರೂ ನನಗೆ ಬೂದಿಯೇ.

ಮರುದಿನ ಪತ್ರಿಕೆಯಲ್ಲಿ ಫೋಟೊ ಬಂತು. ಗುಲಾಬಿ ಮಾಸ್ಟರು ಎಂದು ಹೆಸರಿಟ್ಟಿದ್ದಾರೆ. ಹನ್ನೊಂದು ಜನ ಅದೇ ಕೋಟು ಬೇಕೆಂದು ಬಂದಿದ್ದಾರೆ. ನಗೆಪಾಟಲು ಮಾಡಲು ನೀನು ತೋಡಿದ ಹಳ್ಳದಿಂದ ದೇವರು ನನ್ನನ್ನು ಎತ್ತಿ ಪಲ್ಲಕ್ಕಿಯ ಮೇಲೆ ಕೂರಿಸಿದ. ಆದರೂ ಕೇಳುತ್ತೇನೆ, ನಿನಗೆ ಮನಸ್ಸಾದರೂ ಹೇಗೆ ಬಂತು? ಉಂಡ ಮನೆಗೆ ಎರಡು ಬಗೆದೆಯಲ್ಲ. ಕುರುಡನ ಕೈ ಹಿಡಿದು ನಡೆಸುವವಳು ಬಾವಿಯ ಹತ್ತಿರ ಕೈ ಬಿಟ್ಟರೆ ಅದನ್ನು ಸಿಟ್ಟು ಎನ್ನುತ್ತಾರೆಯೇ?

ಈಗ ನಿಜ ಹೇಳು. ಜನವರಿಯಿಂದ ನೀನು ಬರೆದು ಕಳಿಸಿದ ಬಣ್ಣಗಳಲ್ಲಿ ಇನ್ನೆಷ್ಟು ಸುಳ್ಳಿವೆ? ಬೀರುವಿನ ಬಾಗಿಲು ತೆಗೆದು ಹಾಗೇ ಮುಚ್ಚುತ್ತೇನೆ. ಯಾವ ಥಾನನ್ನೂ ಎತ್ತಲು ಆಗುತ್ತಿಲ್ಲ.

ಅಣ್ಣ


ಜೂನ್ ೧೫

ಅಣ್ಣನಿಗೆ,

ಬೇರೆ ಯಾವುದೂ ಸುಳ್ಳಲ್ಲ. ಗಿರಾಕಿಯ ಬಟ್ಟೆಯ ವಿಷಯದಲ್ಲಿ ನಾನು ಹುಟ್ಟಿದಾಗಿನಿಂದ ಸುಳ್ಳು ಹೇಳಿಲ್ಲ, ಹೇಳುವುದೂ ಇಲ್ಲ. ಸುಳ್ಳು ಹೇಳಿದ್ದು ನಿನ್ನ ಕೋಟಿಗೆ ಒಂದೇ.

ಹೇಗೆ ಮನಸ್ಸು ಬಂತು ಎಂದು ಕೇಳಿದ್ದೀಯ. ಸುಲಭವಾಗಿ ಬಂತು. ನನ್ನ ಮಾತು ನಿನಗೆ ಬೇಕು, ನಾನು ಕೊನೆಯ ಸಾಲಿನಲ್ಲಿ ಕೂರುವುದು ಬೇಡ ಎಂದು ನೀನು ಬರೆದ ಕಾಗದವನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈಯಲ್ಲಿ ಬರೆದೆ. ಮುನ್ನೂರು ಜನ ನಗಲಿ, ಒಂದು ದಿನ ನಿನ್ನನ್ನೂ ಯಾರಾದರೂ ಪಕ್ಕಕ್ಕೆ ಸರಿಸಲಿ ಎಂದು ಆಸೆಪಟ್ಟೆ. ಜೂನ್ ಒಂದರಂದು ಮಷೀನಿನ ಮುಂದೆ ಕೂತು ಗಡಿಯಾರ ನೋಡುತ್ತಿದ್ದೆ. ಈಗ ವೇದಿಕೆ ಹತ್ತಿರಬೇಕು, ಈಗ ಜನ ನಗುತ್ತಿರಬೇಕು ಎಂದು. ನನಗೆ ನಾಚಿಕೆ ಏನೂ ಆಗಲಿಲ್ಲ.

ಏನಾಯಿತು ನೋಡು. ಭಾಷಣ ನನ್ನದು. ಬಣ್ಣ ನನ್ನದು. ಕಡೆಗೆ ನಾನು ಹೇಳಿದ ಸುಳ್ಳಿಗೂ ಹೆಸರು ಬಂದದ್ದು ನಿನಗೇ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ನನ್ನದು, ಬಾಯಿ ನಿನ್ನದು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ವಕೀಲರು ನಿನ್ನ ಕೈ ಹಿಡಿದಾಗ, "ಇದು ನನ್ನ ತಂಗಿ ಆರಿಸಿದ್ದು" ಎನ್ನಬಹುದಿತ್ತು. ಅದು ನಿಜವೇ ಆಗಿತ್ತು, ಅಣ್ಣ. ಯಾರೂ ಏನೂ ಕೇಳುತ್ತಿರಲಿಲ್ಲ, ಮೆಚ್ಚಿಕೊಳ್ಳುತ್ತಿದ್ದರು. ನಿನ್ನ ಹೆಸರಿಗೆ ಒಂದು ಎಳೆಯೂ ಕಮ್ಮಿಯಾಗುತ್ತಿರಲಿಲ್ಲ. ಆಗಲೂ ನಿನ್ನ ಬಾಯಿಗೆ ಬರಲಿಲ್ಲ. ಅಪ್ಪ ಹೊಡೆಯುವಾಗ ನಿನ್ನ ಹಿಂದೆ ನಿಂತು ಕೆಂಪು ದಾರ ಚಾಚಿದ ಹುಡುಗಿಗೆ ನಾನು ಏನು ಹೇಳಲಿ?

ತಂಗಿ


ಸೆಪ್ಟೆಂಬರ್ ೨

ತಂಗಿಗೆ,

ಜೂನ್‌ನಿಂದ ನೀಲಿ, ಹಳದಿ, ಬಿಳಿ ಬಿಟ್ಟು ಬೇರೇನೂ ಹೊಲಿದಿಲ್ಲ. ಗುಲಾಬಿ ಕೋಟು ಕೇಳಿದವರಿಗೆ ಮಾಲು ಮುಗಿಯಿತು ಎಂದೆ. ಮುಂದಿನ ತಿಂಗಳಿಂದ ಚಳಿಯ ಬಟ್ಟೆಗಳ ಕೆಲಸ ಶುರುವಾಗುತ್ತದೆ. ಅವು ಎಲ್ಲ ನನಗೆ ತಿಳಿಯದ ಬಣ್ಣಗಳೇ. ಹೊಲಿಯದಿದ್ದರೆ ಗಿರಾಕಿಗಳು ಎದುರಿನ ಅಂಗಡಿಗೆ ಹೋಗುತ್ತಾರೆ, ಯಾಕೆಂದು ಕೇಳುತ್ತಾರೆ.

ಹದಿನಾಲ್ಕು ತುಂಡು ಇವೆ. ಬರೆದು ಕಳಿಸು. ಬೇರೆ ಮಾತು ಬೇಡ.

ಅಣ್ಣ


ಸೆಪ್ಟೆಂಬರ್ ೧೦

ಅಣ್ಣನಿಗೆ,

ಒಂದು, ಕಾಫಿ ಪುಡಿಯ ಕಂದು. ಎರಡು, ಕುಂಬಳಕಾಯಿ ಬಣ್ಣ. ನಾಲ್ಕು, ತುಕ್ಕಿನ ಕೆಂಪು, ತೆಳ್ಳಗಿರುವವರಿಗೆ ಕೊಡು. ಐದು, ಬೂದಿ. ಆರು, ಬೂದಿಯಲ್ಲಿ ಸ್ವಲ್ಪ ಹಸಿರು, ವಯಸ್ಸಾದ ಗಂಡಸರಿಗೆ. ಏಳು, ದಾಳಿಂಬೆ ಕೆಂಪು, ಇದನ್ನು ಪಶುವೈದ್ಯರ ಹೆಂಡತಿಗೆ ಎತ್ತಿಡು. ಎಂಟು ಮತ್ತು ಒಂಬತ್ತು, ಕಂದು, ಒಂಬತ್ತು ಸ್ವಲ್ಪ ಕೆಂಪಿಗೆ ತಿರುಗಿದೆ. ಹತ್ತು, ಗುಲಾಬಿ. ಹನ್ನೆರಡು, ಮಾವಿನ ಚಿಗುರಿನ ಬಣ್ಣ. ಹದಿಮೂರು, ಇಟ್ಟಿಗೆ. ಹದಿನಾಲ್ಕು, ಕಡು ಕೆಂಪು, ಕಪ್ಪೆಂದು ತಿಳಿದು ಯಾರಿಗೂ ಕೊಡಬೇಡ.

ಮೂರು ಮತ್ತು ಹನ್ನೊಂದನ್ನು ಬಿಟ್ಟಿದ್ದೇನೆ. ಅವೆರಡೂ ಒಂದೇ ಥಾನಿನವು. ಒಂದರ ಅಂಚಿಗೆ ಇನ್ನೊಂದರ ಅಂಚು ಇಟ್ಟರೆ ಎಳೆ ಎಳೆಗೆ ಕೂಡುತ್ತದೆ. ಒಂದೇ ಬಟ್ಟೆಗೆ ಎರಡು ನಂಬರು ಹಾಕಿ, ನಾನು ಎರಡು ಬಣ್ಣ ಹೇಳುತ್ತೇನೋ ಎಂದು ನೋಡಿದ್ದೀಯ. ತಪ್ಪು ಎನ್ನುವುದಿಲ್ಲ, ನಿನ್ನ ಜಾಗದಲ್ಲಿದ್ದರೆ ನಾನೂ ಇದನ್ನೇ ಮಾಡುತ್ತಿದ್ದೆ. ಆದರೆ ಪರೀಕ್ಷೆಯನ್ನು ಪೂರ್ತಿ ಯೋಚಿಸಿಲ್ಲ ನೀನು. ಎರಡಕ್ಕೂ ನಾನು ಒಂದೇ ಸುಳ್ಳು ಹೇಳಿದರೆ ನಿನಗೆ ಹೇಗೆ ತಿಳಿಯುತ್ತದೆ?

ಎರಡೂ ಹಸಿರು ಎಂದು ಬರೆದುಕೋ.

ತಂಗಿ